ಕಮ್ಮಿ ಬೆಳಕು, ಗಡಸು ನೀರು: ಕೋಲಾರದ ಮನೆಯಲ್ಲಿ ಅಕ್ವೇರಿಯಂ ಗಿಡಗಳಿಗೆ ಜೊತೆ ಹುಡುಕುವುದು

ಅಂಗಡಿಯಲ್ಲಿ ಅಕ್ವೇರಿಯಂ ಗಿಡ ಕೊಳ್ಳುವಾಗ ನಾವು ನೋಡುವುದು ಎಲೆಯ ಬಣ್ಣ, ಗಿಡದ ಎತ್ತರ, ಅಷ್ಟೇ. ಹಿಂದೆ ಉದ್ದದ್ದು, ಮುಂದೆ ಗಿಡ್ಡದ್ದು, ನಡುವೆ ಕೆಂಪಗಿನದೊಂದು. ಮೊದಲ ತಿಂಗಳು ಚೆನ್ನಾಗಿಯೇ ಕಾಣುತ್ತೆ. ಆಮೇಲೆ ಒಂದು ಕೊಳೆಯುತ್ತೆ, ಇನ್ನೊಂದಕ್ಕೆ ಪಾಚಿ ಹಿಡಿಯುತ್ತೆ, ಮೂರನೆಯದು ತೊಟ್ಟಿಯನ್ನೇ ಆಕ್ರಮಿಸುತ್ತೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ರೈತರು ಹೀಗೆ ಕಣ್ಣಂದಾಜಿನಲ್ಲಿ ಬಿತ್ತುವುದಿಲ್ಲ. ರಾಗಿ ನಡುವೆ ಅವರೆಯೋ ತೊಗರಿಯೋ ಇಡುವಾಗ ಯಾವುದರ ಬೇರು ಎಷ್ಟು ಆಳಕ್ಕಿಳಿಯುತ್ತೆ, ಯಾವುದು ಮೊದಲು ಕೊಯ್ಲಿಗೆ ಬರುತ್ತೆ, ಯಾರ ನೆರಳು ಯಾರ ಮೇಲೆ ಬೀಳುತ್ತೆ ಅನ್ನುವ ಲೆಕ್ಕ ಇದ್ದೇ ಇರುತ್ತೆ. ನೀರೊಳಗಿನ ಗಿಡಗಳ ವಿಷಯದಲ್ಲೂ ಕೇಳಬೇಕಾದ್ದು ಇವೇ: ಊಟ ಎಲ್ಲಿಂದ ತಗೊಳ್ಳುತ್ತೆ, ಎಷ್ಟು ಬೇಗ ಬೆಳೆಯುತ್ತೆ, ಯಾರ ಬೆಳಕಿಗೆ ಅಡ್ಡ ನಿಲ್ಲುತ್ತೆ.

ಇಲ್ಲಿ ಹೇಳುವುದೆಲ್ಲ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯ ಲೆಕ್ಕ. ಇದು ತುಂಬ ಮನೆಗಳಲ್ಲಿರುವ ಅಳತೆ. ಲೆಕ್ಕಕ್ಕೆ 56 ಲೀಟರ್ ಹಿಡಿದರೂ ಮರಳು, ಕಲ್ಲು ಹೋಗಿ ಸುಮಾರು 45 ಲೀಟರ್ ನೀರು ನಿಲ್ಲುತ್ತೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಡ, ದುಬಾರಿ ಲೈಟ್ ಬೇಡ.

ಮೊದಲು ನೀರು ತಿಳಿದುಕೊಳ್ಳಿ

ಕೋಲಾರ ಜಿಲ್ಲೆಯಲ್ಲಿ ನಲ್ಲಿಗೆ ಬಂದರೂ ಟ್ಯಾಂಕರಿನಲ್ಲಿ ಬಂದರೂ ಬಹುಪಾಲು ಅದು ಬೋರ್‌ವೆಲ್ ನೀರೇ, ಎಷ್ಟೋ ಕಡೆ ಸಾವಿರ ಅಡಿಗಿಂತ ಕೆಳಗಿನದು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಕೊಡದಿದ್ದರೆ ನಿಮ್ಮದು ಗಡಸು ನೀರು. ಪೆನ್ನಿನಂಥ ಟಿಡಿಎಸ್ ಮೀಟರ್ ಒಂದು ಇಟ್ಟುಕೊಳ್ಳಿ, ಅಗ್ಗಕ್ಕೆ ಸಿಗುತ್ತೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪಿನಂಶದ ಒಟ್ಟು ಲೆಕ್ಕ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 2000 ತನಕ ಒಪ್ಪಬಹುದು. ಗಡಸುತನಕ್ಕೆ ಇದೇ ರೀತಿ 200 ಮತ್ತು 600 ಮಿಲಿಗ್ರಾಂ. ಅಕ್ವೇರಿಯಂ ಕಿಟ್‌ಗಳು ಗಡಸುತನವನ್ನು ಡಿಗ್ರಿಯಲ್ಲಿ ತೋರಿಸುತ್ತವೆ. ಒಂದು ಡಿಗ್ರಿ ಅಂದರೆ 17.8 ಮಿಲಿಗ್ರಾಂ. 200 ಮಿಲಿಗ್ರಾಂ ಅಂದರೆ 11 ಡಿಗ್ರಿ ಆಯಿತು.

ಗಡಸು ನೀರು ಅಂದ ಕೂಡಲೇ ಅದನ್ನು ಮೆದು ಮಾಡಲು ಹೊರಡುವುದು ಬೇಡ. ಆ ನೀರನ್ನು ಒಪ್ಪುವ ಗಿಡಗಳನ್ನು ಆರಿಸುವುದು ಸುಲಭ, ಖರ್ಚೂ ಕಮ್ಮಿ. ಟಿಡಿಎಸ್ 500–600 ಒಳಗಿದ್ದರೆ ನೀರನ್ನು ಹಾಗೆಯೇ ಬಳಸಿ. ಅದಕ್ಕಿಂತ ಜಾಸ್ತಿ ಇದ್ದರೆ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಬೆರೆಸಿ. ಬೋರ್‌ವೆಲ್ ನೀರು 1000, ಆರ್‌ಒ ನೀರು 50 ಇದ್ದರೆ ಸಮಸಮ ಬೆರೆಸಿದಾಗ 525ಕ್ಕೆ ಬರುತ್ತೆ. ಬರೀ ಆರ್‌ಒ ನೀರು ತುಂಬಿಸಿದರೆ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ನೀರಂತೂ ಬೇಡವೇ ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತೆ. ಸೋಪಿಗೆ ಒಳ್ಳೆಯದು, ಗಿಡಕ್ಕಲ್ಲ.

ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಇಂಚು ನೀರು ಆವಿಯಾಗುತ್ತೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ. ಇಳಿದ ನೀರಿನ ಜಾಗಕ್ಕೆ ಮತ್ತೆ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಹೋದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ಟಿಡಿಎಸ್ ಎಲ್ಲಿಗೋ ಹೋಗಿರುತ್ತೆ. ಆದ್ದರಿಂದ ಇಳಿದಷ್ಟು ತುಂಬಿಸಲು ಆರ್‌ಒ ನೀರು. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಬದಲಿಸುವಾಗ ಮಾತ್ರ ಮಾಮೂಲಿ ನೀರು ಅಥವಾ ಬೆರೆಸಿದ ನೀರು. ಬೋರ್‌ವೆಲ್ ನೀರನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಆಮೇಲೆ ಹಾಕಿ.

ಕೆರೆ ನೀರು ತರಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲಕ್ಕೆ ಅದರಿಂದಾದ ಲಾಭ ಬೇರೆ ಮಾತು. ಆ ನೀರಿನಲ್ಲಿ ಉಳಿದಿರುವ ಸಾರಜನಕ, ರಂಜಕ ನಿಮ್ಮ ತೊಟ್ಟಿಯಲ್ಲಿ ಪಾಚಿಗೆ ಹಬ್ಬದೂಟ.

ಯಾರಿಗೆ ಯಾರು ಜೊತೆ

ಕಮ್ಮಿ ಬೆಳಕಿನ ಗಿಡಗಳನ್ನು ನಾನು ಊಟದ ದಾರಿ ನೋಡಿ ಮೂರು ಗುಂಪು ಮಾಡುತ್ತೇನೆ. ಗುಂಪಿಗೆ ಒಂದೆರಡರಂತೆ ಆರಿಸಿದರೆ ಜಗಳ ಕಮ್ಮಿ. ಒಂದೇ ಗುಂಪಿನ ನಾಲ್ಕನ್ನು ತುರುಕಿದರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದು ಖಂಡಿತ.

ಮೊದಲನೆಯದು ಕಲ್ಲು, ಮರಕ್ಕೆ ಅಂಟಿಕೊಂಡು ಬೆಳೆಯುವ ಗುಂಪು: ಅನುಬಿಯಸ್, ಜಾವಾ ಫರ್ನ್, ಜಾವಾ ಮಾಸ್. ಅನುಬಿಯಸ್ ಮತ್ತು ಜಾವಾ ಫರ್ನ್ ಗಿಡಗಳಲ್ಲಿ ಅಡ್ಡಕ್ಕೆ ಬೆಳೆಯುವ ದಪ್ಪ ಹಸಿರು ಕಾಂಡ ಇರುತ್ತೆ, ಅದಕ್ಕೆ ರೈಜೋಮ್ ಅಂತಾರೆ. ಅದನ್ನು ಮರಳಲ್ಲಿ ಹೂತರೆ ಕೊಳೆಯುತ್ತೆ. ಬೇರು ಮರಳಿಗಿಳಿದರೆ ತೊಂದರೆಯಿಲ್ಲ, ಆ ಕಾಂಡ ಮಾತ್ರ ನೀರಿಗೆ ತೆರೆದಿರಬೇಕು. ಇವು ಬಹುಮಟ್ಟಿಗೆ ನೀರಿನಿಂದಲೇ ಆಹಾರ ಹೀರುತ್ತವೆ, ಬೆಳೆಯುವುದು ತೀರಾ ನಿಧಾನ. ಪಶ್ಚಿಮ ಆಫ್ರಿಕಾದಿಂದ ಬಂದ ‘ಅನುಬಿಯಸ್ ನಾನಾ’ ಎಂಬ ಬಗೆ ತಿಂಗಳಿಗೊಂದು ಎಲೆ ಬಿಟ್ಟರೆ ನೀವು ಖುಷಿಪಡಬೇಕು. ನಿಧಾನ ಬೆಳೆಯುವ ಎಲೆಯ ಮೇಲೆಯೇ ಪಾಚಿ ಕೂರುವುದು. ಹಾಗಾಗಿ ಇದಕ್ಕೆ ಲೈಟಿನ ನೇರ ಕೆಳಗಲ್ಲ, ಇನ್ನೊಂದರ ನೆರಳಲ್ಲಿ ಜಾಗ.

ಎರಡನೆಯದು ಬೇರಿನಿಂದ ಉಣ್ಣುವ ಗುಂಪು: ಕ್ರಿಪ್ಟೋಕೋರಿನ್ ಮತ್ತು ವ್ಯಾಲಿಸ್ನೇರಿಯಾ. ಅಂಗಡಿಯಲ್ಲಿ ಕ್ರಿಪ್ಟ್, ವ್ಯಾಲಿಸ್ ಅಂದರೆ ಸಾಕು. ಕ್ರಿಪ್ಟೋಕೋರಿನ್ ವೆಂಡ್ಟಿ ಶ್ರೀಲಂಕಾದ್ದು, ಕಂದು ಮತ್ತು ಹಸಿರು ಬಣ್ಣಗಳಲ್ಲಿ ಸಿಗುತ್ತೆ, ಗಡಸು ನೀರಿಗೆ ಹೆದರುವುದಿಲ್ಲ. ಇದೇ ಕುಲದ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ವ್ಯಾಲಿಸ್ನೇರಿಯಾಗಂತೂ ಗಡಸು ನೀರು ಅನುಕೂಲವೇ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಸಾಲದಾದಾಗ ಅದು ಬೈಕಾರ್ಬೊನೇಟ್‌ನಿಂದ ಇಂಗಾಲ ತೆಗೆದುಕೊಳ್ಳಬಲ್ಲದು, ನಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್‌ಗೇನೂ ಬರವಿಲ್ಲ. ಚೆನ್ನಾಗಿ ಬೆಳೆಯುತ್ತಿರುವ ವ್ಯಾಲಿಸ್ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ: ಸೀಮೆಸುಣ್ಣದ ಪುಡಿಯಂತೆ ತರಿತರಿಯಾಗಿ ಕೈಗೆ ಹತ್ತುತ್ತೆ. ಅದು ರೋಗವಲ್ಲ. ಗಿಡ ಬೈಕಾರ್ಬೊನೇಟ್ ಬಳಸಿಕೊಂಡಾಗ ಎಲೆಯ ಮೇಲೆ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆ ಕೊಳೆಯಾಗಿದೆ ಅಂತ ಉಜ್ಜಲು ಹೋಗಬೇಡಿ, ಹರಿಯುತ್ತೆ.

ಮೂರನೆಯದು ಬೇರಿಲ್ಲದೆ ಅಥವಾ ತೇಲುತ್ತಾ ನೀರಿನಿಂದಲೇ ಬಾಚಿಕೊಳ್ಳುವ ಗುಂಪು. ಇದರಲ್ಲಿ ನನ್ನ ಮತ ಹಾರ್ನ್‌ವರ್ಟ್‌ಗೆ. ಬೇರೇ ಇಲ್ಲ, ಸೂಜಿಯಂಥ ಎಲೆ, ವಾರ ವಾರಕ್ಕೂ ಬೆಳೆದದ್ದು ಕಣ್ಣಿಗೆ ಕಾಣುತ್ತೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಪಾಚಿಗೆ ಸಿಗುವ ಮೊದಲೇ ಎಳೆದುಕೊಳ್ಳುತ್ತೆ. ನಿಧಾನಸ್ಥ ಅನುಬಿಯಸ್‌ಗೆ ಇದೇ ಸರಿಯಾದ ಜೋಡಿ: ಒಂದು ನೆರಳು ಕೊಡುತ್ತೆ, ನೀರು ಚೊಕ್ಕ ಮಾಡುತ್ತೆ, ಇನ್ನೊಂದಕ್ಕೆ ಬೇಕಾದ್ದೂ ಅಷ್ಟೇ. ಅಂತರಗಂಗೆಯೂ (ಬೆಟ್ಟವಲ್ಲ, ನೀರ ಮೇಲೆ ತೇಲುವ ಗಿಡ) ಇದೇ ಕೆಲಸ ಮಾಡುತ್ತೆ, ಆದರೆ ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಬೇಗ ಮೇಲ್ಮೈ ಮುಚ್ಚಿ ಕೆಳಗೆ ಕತ್ತಲೆ ಮಾಡುತ್ತೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಡಬೇಡಿ. ಇನ್ನೊಂದು ಸುಲಭದ ಉಪಾಯ ಮನಿ ಪ್ಲಾಂಟ್. ಎಲೆ ಹೊರಗೆ, ಬೇರು ಮಾತ್ರ ತೊಟ್ಟಿಯ ಹಿಂಬದಿಯ ನೀರಿನಲ್ಲಿ. ನೈಟ್ರೇಟ್ ಎಳೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ನೀರೊಳಗಿನ ಬೆಳಕಿಗೂ ಪೈಪೋಟಿ ಇಲ್ಲ.

ಎರಡು ಅಡಿ ತೊಟ್ಟಿಗೆ ನಾನು ಹೇಳುವ ಪಟ್ಟಿ ಇಷ್ಟೇ: ಹಿಂಬದಿಯ ಒಂದು ಮೂಲೆಗೆ ಆರು ವ್ಯಾಲಿಸ್, ನಡುವೆ ಐದಾರು ಕ್ರಿಪ್ಟ್, ಒಂದು ಕಲ್ಲಿಗೆ ಅನುಬಿಯಸ್ ನಾನಾ, ಒಂದು ತೆಂಗಿನ ಚಿಪ್ಪಿಗೆ ಜಾವಾ ಫರ್ನ್, ತೇಲಿಬಿಡಲು ಒಂದು ಹಿಡಿ ಹಾರ್ನ್‌ವರ್ಟ್.

ಈ ಪಟ್ಟಿಯೊಳಗೂ ಜಗಳ ಇಲ್ಲದೆ ಇಲ್ಲ. ವ್ಯಾಲಿಸ್ ಮರಳೊಳಗೆ ಬಳ್ಳಿ ಹರಿಸಿ ಮರಿ ಹಾಕುತ್ತೆ. ಕ್ರಿಪ್ಟ್ ಸಾಲಿನ ಮಧ್ಯೆ ಅದು ನುಗ್ಗಿದ ಮೇಲೆ ಕೀಳಲು ಹೋದರೆ ಕ್ರಿಪ್ಟ್‌ನ ಬೇರೂ ಕಿತ್ತು ಬರುತ್ತೆ, ಕ್ರಿಪ್ಟ್‌ಗೆ ಅದೇ ದೊಡ್ಡ ಪೆಟ್ಟು. ಗಿಡ ನೆಡುವ ಮೊದಲೇ ಎರಡರ ನಡುವೆ ಚಪ್ಪಟೆ ಕಲ್ಲುಗಳನ್ನು ತಳ ಮುಟ್ಟುವಂತೆ ನಿಲ್ಲಿಸಿ ಗಡಿ ಹಾಕಿ. ಹಾಗೆಯೇ ಜಾವಾ ಮಾಸ್ ಮತ್ತು ಜಾವಾ ಫರ್ನ್ ಒಂದೇ ಮರಕ್ಕೆ ಕಟ್ಟಬೇಡಿ. ಫೋಟೋದಲ್ಲಿ ಚೆಂದ, ಆದರೆ ಮಾಸ್ ಹರಡಿ ಫರ್ನ್‌ನ ರೈಜೋಮ್ ಮುಚ್ಚಿಬಿಡುತ್ತೆ, ಆಮೇಲೆ ಬಿಡಿಸಲು ಆಗುವುದಿಲ್ಲ.

ಬೇಡದ್ದು: ಕೆಂಪು ರೋಟಾಲಾ, ನೆಲಹಾಸಿನಂತೆ ಹರಡುವ ಸಣ್ಣ ಗಿಡಗಳು, ಮೆದು ನೀರು ಬಯಸುವ ಕಬೋಂಬಾ. ಅಮೆಜಾನ್ ಸ್ವೋರ್ಡ್ ಬದುಕುತ್ತೆ, ಆದರೆ ಈ ತೊಟ್ಟಿಗೆ ದೈತ್ಯ. ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್‌ಗಳನ್ನು ಮೀನಿನಂಗಡಿಯಲ್ಲಿ ಮುಳುಗಿಸಿ ಮಾರುತ್ತಾರೆ. ಇವು ನೆಲದ ಗಿಡಗಳು, ಎಲೆ ಮುಳುಗಿದರೆ ಬರಬರುತ್ತಾ ಕೊಳೆಯುತ್ತವೆ. ಗಿಡವನ್ನು ನೀರಿನಿಂದ ಎತ್ತಿ ಹಿಡಿದಾಗ ಗಟ್ಟಿಯಾಗಿ ನೆಟ್ಟಗೆ ನಿಂತರೆ ಅನುಮಾನಪಡಿ, ಇನ್ನೊಮ್ಮೆ ಹೆಸರು ಕೇಳಿ. ಅನುಬಿಯಸ್, ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆಸಿದ ಕ್ರಿಪ್ಟ್ ಈ ಪರೀಕ್ಷೆಗೆ ಅಪವಾದ.

ತೊಟ್ಟಿ, ಮರಳು, ಲೈಟು

ತುಂಬಿದ ತೊಟ್ಟಿ ಕಲ್ಲು ಮರಳು ಸೇರಿ 80 ಕಿಲೋ ಹತ್ತಿರ ತೂಗುತ್ತೆ. ಗಟ್ಟಿ ಸ್ಟ್ಯಾಂಡ್, ಕೆಳಗೆ ಥರ್ಮಾಕೋಲ್ ಶೀಟ್, ಪಶ್ಚಿಮದ ಕಿಟಕಿಯಿಂದ ದೂರ. ಇದಿಷ್ಟು ಸಾಕು.

ತಳಕ್ಕೆ 2–3 ಮಿಲಿಮೀಟರ್ ಕಾಳಿನ ಮರಳು ಬೇಕು. ಎಂ-ಸ್ಯಾಂಡ್ ಬೇಡ, ಅದರ ಪುಡಿ ಎಷ್ಟು ತೊಳೆದರೂ ಮುಗಿಯುವುದಿಲ್ಲ, ಅಂಚುಗಳೂ ಚೂಪು. ಕ್ರಿಪ್ಟ್, ವ್ಯಾಲಿಸ್ ನೆಡುವ ಜಾಗದಲ್ಲಿ ಮಾತ್ರ ಮರಳಿನ ಕೆಳಗೆ ಮುಕ್ಕಾಲು ಇಂಚು ಕೆಂಪು ಮಣ್ಣು ಹಾಕಿ. ಗೊಬ್ಬರ ಸೇರದ, ಔಷಧಿ ಹೊಡೆಯದ ಜಾಗದ ಮಣ್ಣಾಗಿರಬೇಕು, ಜರಡಿ ಹಿಡಿದು ಎರಡು ಮೂರು ಸಲ ನೀರಲ್ಲಿ ನೆನೆಸಿ ಬಸಿದಿರಬೇಕು. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಬೇರಿಗೆ ಒಳ್ಳೆಯದು. ಅದರ ಮೇಲೆ ಎರಡು ಇಂಚು ಮರಳು, ಕಮ್ಮಿಯಾದರೆ ಮಣ್ಣು ಎದ್ದು ನೀರು ರಾಡಿಯಾಗುತ್ತೆ.

ಕಲ್ಲಿಗೆ ಹುಡುಕಾಟವೇ ಬೇಡ. ಗ್ರಾನೈಟ್, ಬೆಣಚುಕಲ್ಲು ಎಲ್ಲ ಕಡೆ ಬಿದ್ದಿದೆ, ಎರಡೂ ನೀರಿನ ಗಡಸುತನ ಹೆಚ್ಚಿಸುವುದಿಲ್ಲ. ಗುರುತು ಸಿಗದ ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣದಂಶ ಇದೆ, ಬಿಟ್ಟುಬಿಡಿ. ಕೆಜಿಎಫ್ ಸುತ್ತಮುತ್ತ ಇರುವವರು ಸೈನೈಡ್ ದಿಬ್ಬಗಳ ಕಡೆಯಿಂದ ಮರಳು, ಕಲ್ಲು ತರಬೇಡಿ. ಗಣಿ 2001ರಲ್ಲಿ ಮುಚ್ಚಿದರೂ ಅದಿರು ಅರೆದು ಉಳಿದ ಪುಡಿ ಅಲ್ಲೇ ಇದೆ, ಅದು ಮೀನಿಗೂ ನಿಮಗೂ ಒಳ್ಳೆಯದಲ್ಲ.

ಲೈಟ್ 10 ವ್ಯಾಟ್ ಎಲ್‌ಇಡಿ ಸಾಕು, ಪೆಟ್ಟಿಗೆಯ ಮೇಲೆ 6500 ಕೆ ಅಂತ ಇರುವ ಬಿಳಿ ಬೆಳಕು. ಸುಮಾರು 1000 ಲ್ಯೂಮೆನ್, ಅಂದರೆ ಲೀಟರಿಗೆ 20 ಲ್ಯೂಮೆನ್ ಆಸುಪಾಸು. ದಿನಕ್ಕೆ ಆರು ಗಂಟೆಯಿಂದ ಶುರು ಮಾಡಿ, ಎರಡು ತಿಂಗಳ ಮೇಲೆ ಪಾಚಿ ಇಲ್ಲದಿದ್ದರೆ ಏಳು, ಎಂಟಕ್ಕೆ ಏರಿಸಿ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ನೋಡಿ. ತಿರುಗುವ ಮುಳ್ಳಿನ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತೆ. ನಾಲ್ಕು ದಿನದ ಕರೆಂಟ್ ಕಟ್ ಆದಮೇಲೆ ನೋಡಿದರೆ ನಿಮ್ಮ ತೊಟ್ಟಿಯ ಬೆಳಗು ಆಗುವುದು ಸಂಜೆ ನಾಲ್ಕಕ್ಕೆ.

ನೆಡುವ ದಿನ

1. ಗಿಡಗಳನ್ನು ಬೆಂಗಳೂರಿನಿಂದ ತರುವವರು ಒದ್ದೆ ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ ಬಾಯಿ ಕಟ್ಟಿ. ನೀರಲ್ಲಿ ಮುಳುಗಿಸಿ ತರುವ ಅಗತ್ಯವಿಲ್ಲ, ಬಿಸಿಲು ತಾಗದಿದ್ದರೆ ಸಾಕು.

2. ಕುಂಡದ ಹತ್ತಿ, ಸೀಸದ ಪಟ್ಟಿ ತೆಗೆಯಿರಿ. ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಎಲೆಯಡಿ ಲೋಳೆಯಂತೆ ಅಂಟಿದ ಬಸವನಹುಳುವಿನ ಮೊಟ್ಟೆ ಇದಕ್ಕೆ ಜಗ್ಗದಿರಬಹುದು, ಉಗುರಿನಲ್ಲಿ ಕೆರೆದು ತೆಗೆಯಿರಿ.

3. ಮರಳಿನ ಮೇಲೆ ಎರಡು ಇಂಚು ಮಾತ್ರ ನೀರು ನಿಲ್ಲಿಸಿ. ತುಂಬಿದ ತೊಟ್ಟಿಗೆ ಕೈ ಹಾಕಿ ನೆಡುವುದಕ್ಕಿಂತ ಇದು ಎಷ್ಟೋ ವಾಸಿ. ಎಲೆ ಒಣಗದಂತೆ ಸ್ಪ್ರೇ ಮಾಡುತ್ತಿರಿ.

4. ಅನುಬಿಯಸ್‌ನ ಬೇರು ಮತ್ತು ಕಲ್ಲನ್ನು ಬಟ್ಟೆಯಲ್ಲಿ ಒರೆಸಿ, ಕಲ್ಲಿಗೆ ಫೆವಿಕ್ವಿಕ್ ಥರದ ಅಂಟಿನ ಒಂದು ಹನಿ, ಅದಕ್ಕೆ ಬೇರು ಒತ್ತಿ ಹದಿನೈದು ಸೆಕೆಂಡ್ ಹಿಡಿಯಿರಿ. ಅಂಟು ರೈಜೋಮ್‌ಗೆ ಬಳಿಯುವುದು ಬೇಡ. ಒಣಗಿದ ಅಂಟು ಬೆಳ್ಳಗೆ ಕಾಣುತ್ತೆ, ಮೀನಿಗೆ ತೊಂದರೆಯಿಲ್ಲ. ಜಾವಾ ಫರ್ನ್‌ಗೆ ಕುದಿಸಿದ ತೆಂಗಿನ ಚಿಪ್ಪು, ಹತ್ತಿ ದಾರ; ದಾರ ಕೊಳೆಯುವ ಹೊತ್ತಿಗೆ ಬೇರು ಹಿಡಿದಿರುತ್ತೆ.

5. ವ್ಯಾಲಿಸ್, ಕ್ರಿಪ್ಟ್‌ಗಳ ಬೇರನ್ನು ಎರಡು ಇಂಚಿಗೆ ಕತ್ತರಿಸಿ, ಚಿಮಟದಿಂದ ಆಳಕ್ಕೆ ಚುಚ್ಚಿ, ಆಮೇಲೆ ಸ್ವಲ್ಪ ಮೇಲಕ್ಕೆ ಎಳೆಯಿರಿ. ಬೇರು ಮತ್ತು ಎಲೆ ಸೇರುವ ಜಾಗ ಮರಳಿನ ಮೇಲೆ ಕಾಣಬೇಕು. ಕ್ರಿಪ್ಟ್ ಒಂದಕ್ಕೊಂದು ಮೂರು ಇಂಚು ದೂರ.

6. ತಟ್ಟೆಯೊಂದನ್ನಿಟ್ಟು ಅದರ ಮೇಲೆ ನಿಧಾನಕ್ಕೆ ನೀರು ಸುರಿದು ತುಂಬಿಸಿ. ಕೊನೆಗೆ ಹಾರ್ನ್‌ವರ್ಟ್ ತೇಲಿಬಿಡಿ, ಫಿಲ್ಟರ್ ಹಚ್ಚಿ.

ಮೊದಲ ಆರು ವಾರ

ಮೀನು ಆ ದಿನವೇ ಬೇಡ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ಮೂರರಿಂದ ಐದು ವಾರ ಹಿಡಿಯುತ್ತೆ.

ಎರಡನೇ ವಾರಕ್ಕೆ ಕ್ರಿಪ್ಟ್ ಎಲೆಗಳು ಗಾಜಿನಂತೆ ತೆಳ್ಳಗಾಗಿ ಲೋಳೆಯಾಗಿ ಕಳಚಿ ಬೀಳಬಹುದು. ಗಾಬರಿಯಾಗಿ ಕಿತ್ತೆಸೆಯುವವರೇ ಹೆಚ್ಚು. ನರ್ಸರಿಯಲ್ಲಿ ಇವನ್ನು ನೀರಿನ ಹೊರಗೆ ಬೆಳೆಸಿರುತ್ತಾರೆ. ಗಾಳಿಯಲ್ಲಿ ಬೆಳೆದ ಎಲೆ ನೀರಿಗೆ ಹೊಂದುವುದಿಲ್ಲ, ಗಿಡ ಅದನ್ನು ಬಿಟ್ಟು ಹೊಸದು ತರುತ್ತೆ. ಕೊಳೆತದ್ದನ್ನು ಕತ್ತರಿಸಿ, ಬೇರು ಅಲ್ಲಾಡಿಸದೆ ಬಿಡಿ. ಎರಡರಿಂದ ನಾಲ್ಕು ವಾರದಲ್ಲಿ ಅದೇ ಬುಡದಿಂದ ಸುತ್ತಿಕೊಂಡ ಚೂಪಾದ ಕಂದು ತುದಿಯೊಂದು ಮೇಲೇಳುತ್ತೆ, ಅದೇ ಹೊಸ ಎಲೆ. ಹಾರ್ನ್‌ವರ್ಟ್ ಕೂಡ ಜಾಗ ಬದಲಾದಾಗ ಸೂಜಿ ಉದುರಿಸುತ್ತೆ, ಉದುರಿದ್ದನ್ನು ಬಲೆಯಲ್ಲಿ ಎತ್ತಿಹಾಕಿ.

ಗಾಜಿನ ಮೇಲೆ ಕಂದು ಪುಡಿ ಕೂತರೆ ಅದು ಡಯಾಟಂ ಎಂಬ ಸಣ್ಣ ಪಾಚಿ, ಹೊಸ ತೊಟ್ಟಿಗೆ ಸಹಜ. ಒರೆಸಿ, ತಾನೇ ಕಮ್ಮಿಯಾಗುತ್ತೆ. ಅನುಬಿಯಸ್ ಎಲೆಯ ಮೇಲೆ ಹಸಿರು ಚುಕ್ಕಿ ಬಂದರೆ ಲೈಟ್ ಒಂದು ಗಂಟೆ ಇಳಿಸಿ. ಕಪ್ಪು ಕೂದಲಿನಂಥ ಪಾಚಿ ಹಿಡಿದರೆ ಕಲ್ಲಿನ ಸಮೇತ ಗಿಡ ಹೊರತೆಗೆದು, ಮೆಡಿಕಲ್ ಶಾಪಿನ 3% ಹೈಡ್ರೋಜನ್ ಪೆರಾಕ್ಸೈಡನ್ನು ಆ ಜಾಗಕ್ಕಷ್ಟೇ ಬ್ರಷ್‌ನಲ್ಲಿ ಹಚ್ಚಿ, ಒಂದು ನಿಮಿಷ ಬಿಟ್ಟು ತೊಳೆದು ಇಡಿ. ಲಿಕ್ವಿಡ್ ಕಾರ್ಬನ್ ಹೆಸರಿನ ಔಷಧಿ ಕೊಡಲು ಬಂದರೆ ಬೇಡ ಅನ್ನಿ, ವ್ಯಾಲಿಸ್ ಅದಕ್ಕೆ ಕರಗುತ್ತೆ.

ಗೊಬ್ಬರದ ವಿಚಾರ

ಟೊಮೆಟೊ ಬೆಳೆಯುವ ಜಿಲ್ಲೆ ನಮ್ಮದು, ಡ್ರಿಪ್‌ಗೆ ಬಿಡುವ 19:19:19 ಗೊಬ್ಬರ ಯಾರ ಮನೆಯಲ್ಲಾದರೂ ಇದ್ದೇ ಇರುತ್ತೆ. ತೊಟ್ಟಿಗೆ ಚಿಟಿಕೆಯೂ ಹಾಕಬೇಡಿ. ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿದೆ, ಪಿಎಚ್ 8 ಇರುವ, ಅಂದರೆ ಕ್ಷಾರ ಗುಣದ, ನೀರಿನಲ್ಲಿ ಅಮೋನಿಯಾ ಮೀನಿನ ಕಿವಿರು ಸುಡುತ್ತೆ. ಅದೇ ಗೊಬ್ಬರದಂಗಡಿಯಲ್ಲಿ ಸಿಗುವ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಕೆಲಸಕ್ಕೆ ಬರುತ್ತೆ. 10 ಗ್ರಾಂ ಪುಡಿಯನ್ನು 200 ಮಿಲಿ ಆರ್‌ಒ ನೀರಿಗೆ ಕರಗಿಸಿಟ್ಟು ವಾರಕ್ಕೆ 10 ಮಿಲಿ ಹಾಕಿದರೆ 45 ಲೀಟರ್ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ಸುಮಾರು 7 ಮಿಲಿಗ್ರಾಂ ಏರುತ್ತೆ, ಪೊಟ್ಯಾಸಿಯಂ ಜೊತೆಗೇ ಬರುತ್ತೆ. ಮೀನು ಜಾಸ್ತಿ ಇದ್ದರೆ ಇದೂ ಬೇಡ. ಜಾವಾ ಫರ್ನ್‌ನ ಹಳೆ ಎಲೆಯಲ್ಲಿ ತೂತು ಬಿದ್ದರೆ ಪೊಟ್ಯಾಸಿಯಂ ಸಾಲದೆಂದು ಅನುಮಾನಿಸಿ. ಎಲೆಯಡಿ ಸಾಲಾಗಿ ಕಪ್ಪು ಚುಕ್ಕಿ ಇದ್ದರೆ ಅದು ಬೀಜಕಣ, ರೋಗವಲ್ಲ.

ಹೊಸ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ಇಲ್ಲಿಯೂ ನಮ್ಮ ನೀರಿನ ಪಿಎಚ್ ಅಡ್ಡಬರುತ್ತೆ. ಕಬ್ಬಿಣದ ಗೊಬ್ಬರದಲ್ಲಿ ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆ ಹಿಡಿದಿಡುವ ರಾಸಾಯನಿಕದ ಹೆಸರು ಬರೆದಿರುತ್ತೆ. ಇಡಿಟಿಎ ಎಂದು ಬರೆದ ಕಬ್ಬಿಣ ಪಿಎಚ್ 7 ದಾಟಿದರೆ ಬೇಗ ಕೈಕೊಡುತ್ತೆ, ಡಿಟಿಪಿಎ 7.5ರ ತನಕ ನಿಲ್ಲುತ್ತೆ, ಇಡಿಡಿಎಚ್‌ಎ ಅದಕ್ಕೂ ಮೇಲೆ ಬಾಳುತ್ತೆ ಆದರೆ ನೀರು ಕೆಂಪಗಾಗುತ್ತೆ. ಕ್ರಿಪ್ಟ್‌ಗಾದರೆ ಈ ತಾಪತ್ರಯವೇ ಬೇಡ: ಬುಡಕ್ಕೆ ಮೂರು ತಿಂಗಳಿಗೊಂದು ರೂಟ್ ಟ್ಯಾಬ್ (ಬೇರಿಗೆ ಕೊಡುವ ಗೊಬ್ಬರದ ಗುಳಿಗೆ) ಚುಚ್ಚಿ.

ಗಿಡಕ್ಕೆ ಹೊಂದುವ ಮೀನು

ಗಡಸು ನೀರಿಗೆ ಗಪ್ಪಿ, ಪ್ಲಾಟಿ, ಮೊಲ್ಲಿ ಹೇಳಿ ಮಾಡಿಸಿದಂಥವು. ಎಂಟು ಗಪ್ಪಿ ಈ ತೊಟ್ಟಿಗೆ ಸಾಕು, ಮರಿ ಹಾಕಿ ಅವೇ ಲೆಕ್ಕ ತಪ್ಪಿಸುತ್ತವೆ. ಡಿಸೆಂಬರ್, ಜನವರಿಯ ಚಳಿ ರಾತ್ರಿಗಳಲ್ಲಿ ನೀರು 20 ಡಿಗ್ರಿಗಿಂತ ಇಳಿದರೆ ಗಿಡ ಸುಮ್ಮನಿರುತ್ತೆ, ಮೀನಿಗೆ ಸಣ್ಣ ಹೀಟರ್ ಬೇಕಾಗಬಹುದು. ಗೋಲ್ಡ್ ಫಿಶ್ ಅನುಬಿಯಸ್, ಜಾವಾ ಫರ್ನ್ ಬಿಟ್ಟು ಉಳಿದದ್ದನ್ನು ಕಿತ್ತು ತಿನ್ನುತ್ತೆ. ಪಾಚಿ ತಿನ್ನುತ್ತೆ ಅಂತ ಕೊಡುವ ಸಕ್ಕರ್ ಮೀನು ಒಂದಡಿ ಬೆಳೆಯುತ್ತೆ, ಅಗಲ ಎಲೆಗಳನ್ನು ಕೆರೆದು ಹಾಳು ಮಾಡುತ್ತೆ. ಪಾಚಿಗೆ ಚೆರ್ರಿ ಸಿಗಡಿ ಬಿಡಿ. ಹಿಪ್ಪುನೇರಳೆ ಸೊಪ್ಪನ್ನು ಒಣಗಿಸಿ ಕುದಿನೀರಲ್ಲಿ ಅದ್ದಿ ಹಾಕಿದರೆ ಅವು ಮುತ್ತಿಕೊಂಡು ತಿನ್ನುತ್ತವೆ. ರೇಷ್ಮೆ ಸಾಕುವವರನ್ನೇ ಕೇಳಿ ತನ್ನಿ, ಔಷಧಿ ಹೊಡೆದು ಎಷ್ಟು ದಿನ ಆಯಿತೆಂದೂ ಕೇಳಿ. ಟೊಮೆಟೊಗೆ ಹೊಡೆಯುವ ತಾಮ್ರದ ಔಷಧಿ ಕಲಸಿದ ಬಕೆಟ್ಟನ್ನು ತೊಟ್ಟಿಯ ಕೆಲಸಕ್ಕೆ ಮುಟ್ಟಲೇಬೇಡಿ, ಸಿಗಡಿ ಒಂದೂ ಉಳಿಯುವುದಿಲ್ಲ.

ಕತ್ತರಿಸುವುದು

ಹಾರ್ನ್‌ವರ್ಟ್ ವಾರಕ್ಕೊಮ್ಮೆ ಅರ್ಧಕ್ಕೆ ಇಳಿಸಿ, ಹಳೆಯ ಬುಡ ಎಸೆದು ತುದಿ ಇಟ್ಟುಕೊಳ್ಳಿ. ವ್ಯಾಲಿಸ್ ಎಲೆಯನ್ನು ಅರ್ಧಕ್ಕೆ ಕತ್ತರಿಸಿದರೆ ತುದಿ ಕಂದಾಗಿ ಕೊಳೆಯುತ್ತೆ; ಉದ್ದವಾದದ್ದನ್ನು ಬುಡದಿಂದಲೇ ತೆಗೆಯಿರಿ. ಗಡಿ ಕಲ್ಲು ದಾಟಿದ ಬಳ್ಳಿಯನ್ನು ಮರಿ ಬೇರು ಬಿಡುವ ಮೊದಲು ಕತ್ತರಿಸಿ. ಜಾವಾ ಫರ್ನ್ ಹಳೆ ಎಲೆಯ ತುದಿಯಲ್ಲಿ ಪುಟ್ಟ ಮರಿ ಗಿಡ ಹುಟ್ಟಿರುತ್ತೆ, ಅದಕ್ಕೆ ಮೂರು ನಾಲ್ಕು ಎಲೆ ಬಂದ ಮೇಲೆ ಕಿತ್ತು ಇನ್ನೊಂದು ಚಿಪ್ಪಿಗೆ ಕಟ್ಟಿ. ಕ್ರಿಪ್ಟ್ ತಂಟೆಗೆ ಹೋಗಬೇಡಿ.

ಕತ್ತರಿಸಿದ ಗಿಡವನ್ನು ರಾಜಕಾಲುವೆಗೋ ಕೆರೆಗೋ ಎಸೆಯಬೇಡಿ. ನಮ್ಮ ಕೆರೆಗಳು ಸರಪಳಿಯಂತೆ ಒಂದರಿಂದೊಂದಕ್ಕೆ ಕೋಡಿ ಹರಿಯುತ್ತವೆ, ಒಂದು ಕೆರೆಗೆ ಬಿದ್ದ ತುಂಡು ಮಳೆಗಾಲದಲ್ಲಿ ಕೆಳಗಿನ ಕೆರೆಗಳನ್ನೂ ಮುಟ್ಟುತ್ತೆ. ತಾರಸಿಯ ಮೇಲೆ ಎರಡು ದಿನ ಪೂರ್ತಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ತೊಟ್ಟಿಯಿಂದ ಪ್ರತಿ ವಾರ ತೆಗೆಯುವ ಹತ್ತು ಹನ್ನೊಂದು ಲೀಟರ್ ನೀರನ್ನೂ ಅಲ್ಲಿಗೇ ಸುರಿಯಿರಿ, ಬರದ ಜಿಲ್ಲೆಯಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸು ಬರುವುದಿಲ್ಲ.